ತಟ್ಟೆ ತುಂಬುವ ಮೊದಲು ಪಕ್ಕೆ ಮುಟ್ಟಿ

ಹೊಸಹಳ್ಳಿ ಮೆಟ್ರೊ ನಿಲ್ದಾಣದ ಆಸುಪಾಸಿನ ಗಲ್ಲಿಗಳಲ್ಲಿ ಸಂಜೆ ವಾಕಿಂಗ್ ಹೊರಟ ಲ್ಯಾಬ್ರಡಾರ್ ಬೇಕರಿ ಮುಂದೆ ಕೂತುಬಿಡುತ್ತದೆ. ಬಾಲ ನೆಲ ಗುಡಿಸುತ್ತದೆ, ಜೊಲ್ಲು ಇಳಿಯುತ್ತದೆ. ‘ಪಾಪ, ಹಸಿದಿದೆ’ ಅಂತ ಯಾರೋ ಬಿಸ್ಕತ್ತಿನ ಪೊಟ್ಟಣ ಒಡೆಯುತ್ತಾರೆ. ಮನೆಯಲ್ಲಿ ಉಂಡು ಅರ್ಧ ಗಂಟೆಯೂ ಆಗಿರುವುದಿಲ್ಲ.

ಈ ಆಸೆ ಹುಟ್ಟಿನಿಂದಲೇ ಬಂದಿರಬಹುದು. ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರ್‌ನಲ್ಲಿ ಪಿಒಎಂಸಿ ಎಂಬ ಜೀನಿನ ತುಣುಕೊಂದು ಕಾಣೆಯಾಗಿರುವುದನ್ನು ಕೇಂಬ್ರಿಜ್ ವಿಜ್ಞಾನಿಗಳು 2016ರಲ್ಲಿ ಪತ್ತೆಹಚ್ಚಿದರು. ಅಂಥ ನಾಯಿಗೆ ಹಸಿವು ಬೇಗ, ಅದೂ ಸಾಲದೆಂಬಂತೆ ಸುಮ್ಮನೆ ಮಲಗಿದ್ದಾಗ ಕರಗುವ ಶಕ್ತಿಯೂ ಕಡಿಮೆ. ‘ದಿನವಿಡೀ ತಟ್ಟೆ ತುಂಬಿರಲಿ, ಬೇಕಾದಷ್ಟೇ ತಿನ್ನುತ್ತದೆ’ ಎನ್ನುವವರ ಜೊತೆ ಈ ಅಂಕಣದ ಜಗಳ ಹಳೆಯದು. ಇವತ್ತೂ ರಾಜಿಯಿಲ್ಲ. ಬೆಳೆದ ನಾಯಿಗೆ ಹೊತ್ತು ಹೊತ್ತಿಗೆ, ಅಳೆದು ಹಾಕಿದ ಎರಡು ಊಟ ಸಾಕು.

ಅಳತೆ ಸರಿಯಿದೆಯೇ ಎಂದು ತಿಳಿಯಲು ನಾಯಿಯ ಕಣ್ಣು ನೋಡಬೇಡಿ, ಪಕ್ಕೆ ಮುಟ್ಟಿ. ಚಾಚಿದ ಅಂಗೈಯ ಹಿಂಬದಿಯಲ್ಲಿ ಎಲುಬು ಸಿಗುವ ಹಾಗೆ ಸಿಕ್ಕರೆ ಸರಿ. ಬಿಗಿದ ಮುಷ್ಟಿಯ ಗೆಣ್ಣುಗಳಂತೆ ಎದ್ದಿದ್ದರೆ ಬಡಕಲು. ಒತ್ತಿದರೂ ಎಲುಬು ಸಿಗದಿದ್ದರೆ ಬೊಜ್ಜು. ಮುಧೋಳ ನಾಯಿಯ ಲೆಕ್ಕವೇ ಬೇರೆ: ಓಟಕ್ಕೆಂದೇ ಬೆಳೆದ ತಳಿ, ಪಕ್ಕೆ ತುಸು ಕಂಡರೂ ಅದು ಆರೋಗ್ಯವೇ. ‘ನಾಯಿಗೆ ಊಟ ಹಾಕಲ್ವೇನ್ರೀ?’ ಎನ್ನುವ ನೆರೆಯವರ ಮಾತಿಗೆ ಸೋತು ಅದನ್ನು ಲ್ಯಾಬ್ರಡಾರ್‌ನಂತೆ ಕೊಬ್ಬಿಸುವುದು ಅನ್ಯಾಯ.

ನಾಯಿಯ ಮಾತು ಇಲ್ಲಿಗೆ ನಿಲ್ಲಲಿ, ಬೆಕ್ಕಿನ ಜಾಣತನ ಇದಕ್ಕಿಂತ ಸೊಗಸು. ಬೆಳಗಿನ ಜಾವ ಹಾಸಿಗೆ ಪಕ್ಕ ಬಂದು ಗುರ್‌ಗುಟ್ಟುವಾಗ ಆ ಸದ್ದಿನೊಳಗೆ ಸಣ್ಣ ಅಳುವೊಂದನ್ನು ಸೇರಿಸುತ್ತದೆ. ಅದು ಎಳೆಮಗುವಿನ ಅಳುವಿನ ಶ್ರುತಿಗೆ ಹತ್ತಿರವೆಂದು ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದ ಕರೆನ್ ಮ್ಯಾಕೋಂಬ್ ತಂಡ 2009ರಲ್ಲಿ ತೋರಿಸಿತು. ಬೆಕ್ಕು ಸಾಕದವರ ಕಿವಿಗೂ ಅದು ಅವಸರದ ಕರೆಯಾಗಿ ಕೇಳಿಸಿತ್ತು.

ಎದ್ದು ಹೋಗಿ ಹಾಕುವುದು ಮಾತ್ರ ಮೊಸರನ್ನ! ಬೆಕ್ಕು ಮಾಂಸಾಹಾರಿ. ಟಾರಿನ್ ಎಂಬ ಪೋಷಕಾಂಶವನ್ನು ಅದರ ಮೈ ಸಾಕಷ್ಟು ತಯಾರಿಸಿಕೊಳ್ಳಲಾರದು. ಮಾಂಸ, ಮೀನಿನಿಂದಲೋ ಟಾರಿನ್ ಬೆರೆಸಿದ ಬೆಕ್ಕಿನ ಆಹಾರದಿಂದಲೋ ಸಿಗದಿದ್ದರೆ ಕಣ್ಣು, ಹೃದಯ ಕೆಡುತ್ತವೆ.

ಚೆನ್ನಾಗಿ ತಿಂದೂ ಇಳಿಯುತ್ತಿರುವ ಬೆಕ್ಕನ್ನು ವೈದ್ಯರಿಗೆ ತೋರಿಸಿ. ತಿನ್ನುವುದನ್ನೇ ಬಿಟ್ಟರೆ ಎರಡನೇ ದಿನಕ್ಕೆ ಕಾಯಬೇಡಿ. ದಪ್ಪ ಬೆಕ್ಕುಗಳಲ್ಲಿ ಕೆಲವೇ ದಿನಗಳ ಉಪವಾಸಕ್ಕೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಕುತ್ತು ಬರುತ್ತದೆ.