ಬೀಸುಕಲ್ಲನ್ನೂ ಬಿಡಲಿಲ್ಲ

ಅಕ್ಕನ ಮಗ ಈ ವರ್ಷ ಹತ್ತನೇ ಕ್ಲಾಸು. ಬೆಂಗಳೂರಲ್ಲೇ ಹುಟ್ಟಿ ಬೆಳೆದ ಹುಡುಗ. ಹೋದ ತಿಂಗಳು ಅವರ ಮನೆಗೆ ಊಟಕ್ಕೆ ಹೋದಾಗ ಕನ್ನಡ ಟೆಸ್ಟ್ ಪೇಪರ್ ತಂದು ನನ್ನ ಮುಂದೆ ಇಟ್ಟ. ಹಲಗಲಿ ಬೇಡರ ಲಾವಣಿ ಮೇಲೆ ಒಂದು ಪ್ರಶ್ನೆ: ಬೇಡರ ದೇಶಪ್ರೇಮ ಹೇಗೆ ವ್ಯಕ್ತವಾಗಿದೆ? ಇವನು ಬರೆದದ್ದು ಹೀಗೆ: 'ಅವರ ಹತಾರ ಕೇಳಿದರು, ಅವರು ಕೊಡಲಿಲ್ಲ, ಆಮೇಲೆ ಸೈನಿಕರು ಬಂದು ಊರು ಸುಟ್ಟು ಬೀಸುಕಲ್ಲು ಸಹ ಒಯ್ದರು, ಇನ್ನು ಏನು ತಿನ್ನಬೇಕು.' ಮೂರಕ್ಕೆ ಒಂದು ಮಾರ್ಕು. ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ 'ದೇಶಪ್ರೇಮ ಎಲ್ಲಿ?' ಅಂತ.

'ಮಾಮಾ, ನಂದು ತಪ್ಪಾ?' ಅಂದ. ಮಾರ್ಕಿನ ಲೆಕ್ಕದಲ್ಲಿ ತಪ್ಪೇ. ಆದರೆ ಆ ಹಾಡನ್ನು ಅವನಷ್ಟು ಸರಿಯಾಗಿ ಓದಿದವರು ಕಡಿಮೆ ಅಂತ ನನಗೆ ಅವತ್ತು ರಾತ್ರಿಯೆಲ್ಲ ಅನ್ನಿಸ್ತಾ ಇತ್ತು.

ಮೊದಲು ಹಾಡಿನ ಹಿಂದಿನ ಕತೆ. ಹಲಗಲಿ ಬಾಗಲಕೋಟೆ ಜಿಲ್ಲೆಯ ಮುಧೋಳ ಸೀಮೆಯ ಊರು. ಆಗ ಮುಧೋಳ ಘೋರ್ಪಡೆಯವರ ಪುಟ್ಟ ಸಂಸ್ಥಾನ, ತಲೆಯ ಮೇಲೆ ಕುಂಪಣಿ ಸರಕಾರ. 1857ರಲ್ಲಿ ಉತ್ತರದಲ್ಲಿ ದಂಗೆ ಎದ್ದದ್ದೇ ತಡ, ಜನರ ಕೈಯಲ್ಲಿ ಹತಾರ ಇರಬಾರದು ಅಂತ ಕುಂಪಣಿ ಕಾಯಿದೆ ತಂದಿತು. ಇದ್ದವರು ತಂದು ಒಪ್ಪಿಸಬೇಕು, ಇಟ್ಟುಕೊಳ್ಳಬೇಕಾದರೆ ಪರವಾನಗಿ ಬೇಕು. ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರ್ ಕೊನೆಗೆ ದಂಡು ಬಂತು, ಊರಿಗೆ ಬೆಂಕಿ ಬಿತ್ತು. ಡಿಸೆಂಬರ್‌ನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಸೇರಿ 19 ಜನರನ್ನು ನೇಣಿಗೆ ಹಾಕಿದರು.

ಇದನ್ನು ಕಟ್ಟಿ ಹಾಡಿದವನ ಹೆಸರು ನಮಗೆ ಉಳಿದಿಲ್ಲ. ಉಳಿದದ್ದು ಅವನ ದೇವರ ಹೆಸರು, ಕುರ್ತಕೋಟಿ ಕಲ್ಮೇಶ. ಕುರ್ತಕೋಟಿ ಇರೋದು ಗದಗಿನ ಹತ್ತಿರ, ಹಲಗಲಿಯ ಮಗ್ಗುಲಲ್ಲಿ ಅಲ್ಲ. ಅಂದರೆ ಸುದ್ದಿ ಸಂತೆಯಿಂದ ಸಂತೆಗೆ, ಜಾತ್ರೆಯಿಂದ ಜಾತ್ರೆಗೆ ನಡೆದು ಅಲ್ಲಿವರೆಗೆ ಹೋಗಿದೆ. ಆ ಸೀಮೆಯವರಿಗೆ ಇಂಥ ಸುದ್ದಿ ಹೊಸದೂ ಆಗಿರಲಿಲ್ಲ. ಮರುವರ್ಷವೇ, 1858ರಲ್ಲಿ, ಅಲ್ಲೇ ಸುತ್ತಮುತ್ತ ನರಗುಂದದ ಬಾಬಾಸಾಹೇಬ, ಮುಂಡರಗಿ ಭೀಮರಾಯ ಎದ್ದು ನಿಂತು ಸೋತರು.

ಇನ್ನೊಂದು ಮಜಾ ನೋಡಿ. ಈ ಲಾವಣಿಯನ್ನು ಬರೆಸಿಕೊಂಡು ಮೊದಲು ಅಚ್ಚು ಹಾಕಿಸಿದವನು ಅದೇ ಸರಕಾರದ ಅಧಿಕಾರಿ, ಜಾನ್ ಫೇಯ್ತ್‌ಫುಲ್ ಫ್ಲೀಟ್. ಶಾಸನಗಳ ಓದಿನಿಂದ ನಮಗೆಲ್ಲ ಗೊತ್ತಿರುವ ಅದೇ ಫ್ಲೀಟ್ ಸಾಹೇಬ. 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಅವನು ಕನ್ನಡ ಲಾವಣಿಗಳನ್ನು ಇಂಗ್ಲಿಷ್ ಅನುವಾದದ ಜೊತೆ ಪ್ರಕಟಿಸಿದ. ಸಂಗೊಳ್ಳಿ ರಾಯಣ್ಣನದು, ಸಂಗ್ಯಾನದು, ಇನ್‌ಕಮ್ ಟ್ಯಾಕ್ಸ್ ಬಂದಾಗ ಜನ ಗೋಳಾಡಿದ್ದು, ಎಲ್ಲ ಅದರಲ್ಲಿವೆ. (ಇನ್‌ಕಮ್ ಟ್ಯಾಕ್ಸ್ ಮೇಲೆ ಲಾವಣಿ! ಮಾರ್ಚ್ ತಿಂಗಳಲ್ಲಿ ನಮ್ಮ ಆಫೀಸಿನಲ್ಲಿ ಯಾರಾದರೂ ಹಾಡಬೇಕು.) ತನ್ನ ಸರಕಾರ ಸುಟ್ಟ ಊರಿನ ಹಾಡನ್ನು ಕೂತು ಕೇಳಿ ಬರೆಸಿಕೊಳ್ಳುವಾಗ ಆ ಮನುಷ್ಯನ ಮುಖ ಹೇಗಿತ್ತೋ. ಆಮೇಲೆ ಬಿ.ಎಸ್. ಗದ್ದಗಿಮಠರಂಥ ನಮ್ಮವರು ಸಂಗ್ರಹಿಸಿದರು, ಅಲ್ಲಿಂದ ಪಠ್ಯಪುಸ್ತಕಕ್ಕೆ ಬಂತು, ದೇಶಭಕ್ತಿಯ ಖಾನೆಗೆ ಬಿತ್ತು.

ಆ ಖಾನೆ ಬಗ್ಗೆಯೇ ನನ್ನ ತಕರಾರು. ಹಾಡಿನ ನಟ್ಟನಡುವೆ ಇರೋದು ದೇಶ ಅಲ್ಲ, ಹತಾರ. ವಿಲಾಯತಿಯಿಂದ ಹುಕುಂ ಬಂತು, ಹತಾರ ಕಸಿಯಿರಿ ಅಂದಿತು ಅಂತಲೇ ಕತೆ ಶುರುವಾಗುತ್ತೆ. ಹನುಮ, ಬಾಲ, ಜಡಗ, ರಾಮ ನಾಲ್ಕು ಜನ ಕೂತು ಮಾತಾಡಿಕೊಳ್ಳೋದೂ ಅದನ್ನೇ. ಬೇಡರಿಗೆ ಹತಾರ ಅಂದರೆ ಬೇಟೆ, ಕಾವಲು, ಹೊಟ್ಟೆ, ಮಾನ. ನಾಳೆ ಯಾರಾದರೂ ಬಂದು 'ನಿನ್ನ ಲ್ಯಾಪ್‌ಟಾಪ್ ಒಪ್ಪಿಸು, ಬೇಕಾದ್ರೆ ಅರ್ಜಿ ಹಾಕು' ಅಂದರೆ ನನಗೆ ಆಗಬಹುದಾದ ಹೊಟ್ಟೆಕಿಚ್ಚು ಇದರ ನೂರರಲ್ಲಿ ಒಂದು ಪಾಲೂ ಅಲ್ಲ, ಯಾಕಂದ್ರೆ ಲ್ಯಾಪ್‌ಟಾಪ್ ಕಂಪನಿದು.

ಇನ್ನು ಮೊದಲ ಏಟು ಬೀಳೋದು ಯಾರಿಗೆ? ಬಿಳಿ ಸಾಹೇಬನಿಗಲ್ಲ, ಕಾರಕೂನನಿಗೆ. ಹುಕುಂ ಓದಿ ಹೇಳಲು ಬಂದ, ಕನ್ನಡವನ್ನೋ ಮರಾಠಿಯನ್ನೋ ಮಾತಾಡುವ ನಮ್ಮಂಥವನೇ ಒಬ್ಬ ಗುಮಾಸ್ತ. ಸಾಹೇಬರು ಆಮೇಲೆ ಬರ್ತಾರೆ, ಹಾಡುಗಾರನ ಬಾಯಲ್ಲಿ ಹೆಬಲಕ ಸಾಹೇಬ ಅಂತೆಲ್ಲ ಹೆಸರು ತಿರುಚಿಕೊಂಡು. ಹಿಂದೆ ಬಂದ ದಂಡಿನಲ್ಲೂ ಬಂದೂಕು ಹಿಡಿದವರು ಬಹುಪಾಲು ಈ ನೆಲದವರೇ. 'ನಾವು' ಒಂದು ಕಡೆ, 'ಅವರು' ಒಂದು ಕಡೆ ಅಂತ ಗೆರೆ ಎಳೆದು ದೇಶಭಕ್ತಿ ಗೀತೆ ಮಾಡಲು ಹೊರಟರೆ ಆ ಕಾರಕೂನನನ್ನು ಎಲ್ಲಿ ನಿಲ್ಲಿಸ್ತೀರಿ? ಲಾವಣಿಕಾರ ಅವನನ್ನು ಮರೆಮಾಚಲಿಲ್ಲ. ನೋಟ್ಸ್ ಬರೆಯುವ ನಾವು ಒಂದು ಸಾಲಿನಲ್ಲಿ ದಾಟಿಸಿಬಿಡ್ತೀವಿ.

ಹಾಗಂತ ಇದು ಸ್ವಾತಂತ್ರ್ಯದ ಹೋರಾಟ ಅಲ್ಲವೇ ಅಲ್ಲ ಅನ್ನುವವರ ಜೊತೆಗೂ ನಾನಿಲ್ಲ. ಬರೀ ಸ್ಥಳೀಯ ಗಲಾಟೆ ಅಂತ ಕುಂಪಣಿಯೂ ನಂಬಿರಲಿಲ್ಲ. ನಂಬಿದ್ದರೆ ಒಂದು ಹಳ್ಳಿಗೆ ಅಷ್ಟು ದಂಡು, ಅಷ್ಟು ನೇಣು ಯಾಕೆ? ದೂರದ ಯಾರೋ ನಮ್ಮ ಮನೆಯೊಳಗಿನ ವಸ್ತುವಿನ ಲೆಕ್ಕ ಕೇಳಬಾರದು ಅನ್ನೋದಕ್ಕಿಂತ ಹಳೆಯ ಸ್ವಾತಂತ್ರ್ಯ ಯಾವುದಿದೆ? ದೇಶ ಅನ್ನುವ ದೊಡ್ಡ ಮಾತು ಆಮೇಲೆ ಬಂದು ಇದರ ಮೇಲೆ ಕೂತಿತು.

ಈಗ ಹುಡುಗನ ಬೀಸುಕಲ್ಲಿಗೆ ಬರ್ತೀನಿ. ಹಾಡಿನ ಕೊನೆಗೆ ಲೂಟಿಯ ಪಟ್ಟಿ ಇದೆ. ವೀರರ ಹಾಡು ಅಂದ ಮೇಲೆ ಕೊನೆಗೆ ಜಯಕಾರ ಇರಬೇಕಲ್ಲ, ಇಲ್ಲಿರೋದು ಪಂಚನಾಮೆ. ಬೆಣ್ಣೆ ಹೋಯ್ತು, ಜೀರಿಗೆ ಹೋಯ್ತು, ಎಣ್ಣೆ, ಅರಿಶಿನ, ಗಂಗಾಳ, ಕೊಡಲಿ, ಹೆಂಗಸರ ಕೊರಳಿನ ಮಂಗಳಸೂತ್ರ, ಕಡೆಗೆ ಬೀಸುಕಲ್ಲು. ಬಂಗಾರ ಒಯ್ಯುವವರು ಬೇಕಾದಷ್ಟು ಜನ. ಬೀಸುಕಲ್ಲು ಹೊತ್ತೊಯ್ಯುವವನಿಗೆ ಅದರಿಂದ ಲಾಭ ಏನೂ ಇಲ್ಲ. ಈ ಊರಲ್ಲಿ ನಾಳೆ ಒಲೆ ಹೊತ್ತಬಾರದು ಅನ್ನುವವನು ಮಾತ್ರ ಅದನ್ನು ಎತ್ತುತ್ತಾನೆ. ಲಾವಣಿಕಾರ ಇದನ್ನು ವಿವರಿಸೋದಿಲ್ಲ, ಅಯ್ಯೋ ಅನ್ನೋದೂ ಇಲ್ಲ. ಜೀರಿಗೆಯ ಸಾಲಿನಲ್ಲೇ ಹೇಳಿ ಮುಂದೆ ಹೋಗ್ತಾನೆ.

ನನಗೆ ಇದು ಗೊತ್ತಾಗೋದಕ್ಕೆ ಕಾರಣ ನಮ್ಮಜ್ಜಿ. ಆಲಮಟ್ಟಿ ಹಿನ್ನೀರಿಗೆ ನಮ್ಮೂರು ಹೋದಾಗ ನಾನಿನ್ನೂ ಪ್ರೈಮರಿ ಹುಡುಗ. ಪುನರ್ವಸತಿಗೆ ಹೊರಟ ಟ್ರ್ಯಾಕ್ಟರಿನಲ್ಲಿ ಜಾಗ ಇಲ್ಲ ಅಂತ ಅಪ್ಪ ಬೀಸುಕಲ್ಲು ಬಿಟ್ಟುಬಿಡೋಣ ಅಂದ. ಗಿರಣಿ ಬಂದು ಎಷ್ಟು ವರ್ಷ ಆಗಿತ್ತು! ಅಜ್ಜಿ ಟ್ರಾಲಿಯ ಮುಂದೆ ಕೂತುಬಿಟ್ಟಳು. ಕೊನೆಗೆ ಕಪಾಟು ಇಳಿಸಿ ಕಲ್ಲು ಏರಿಸಿದರು. ಅದು ಲೂಟಿಯಲ್ಲ, ಪರಿಹಾರ ಕೊಟ್ಟಿದ್ದರು, ಎರಡನ್ನೂ ಒಂದೇ ಅನ್ನಲಾರೆ. ಆದರೆ ಮುಂದೆ ಒಂದು ಜಾತ್ರೆಯಲ್ಲಿ ದಪ್ಪು, ತುಂತುಣಿ ಹಿಡಿದವರು ಈ ಲಾವಣಿ ಹಾಡಿದಾಗ ಹೊಡೆದಾಟ ಬರುವವರೆಗೆ ಗಂಡಸರು ಸೀಟಿ ಹೊಡೀತಿದ್ದರು. ಪಟ್ಟಿ ಬಂದಾಗ ಹೆಂಗಸರ ಕಡೆ ಪಿಟ್ಟೆನ್ನಲಿಲ್ಲ. ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ರಾಯಣ್ಣನಿಗೆ ಸಿನಿಮಾ ಆಯಿತು, ಪ್ರತಿಮೆಗಳಾದವು. ಹಲಗಲಿಗೆ ಆ ಭಾಗ್ಯ ಅಷ್ಟಾಗಿ ಬರಲಿಲ್ಲ. ಕುದುರೆ ಮೇಲೆ ಕೂರಿಸಲು ಇಲ್ಲಿ ಒಬ್ಬ ನಾಯಕ ಇಲ್ಲ, ನಾಲ್ಕು ಹೆಸರು, ಒಂದು ಸುಟ್ಟ ಊರು.

ಹುಡುಗನಿಗೆ ಇಷ್ಟನ್ನೂ ಹೇಳಿದೆ. ಪರೀಕ್ಷೆಯಲ್ಲಿ 'ದೇಶಪ್ರೇಮ' ಅಂತ ಮೊದಲ ಸಾಲು ಬರೆದು ಆಮೇಲೆ ನಿನ್ನದು ಬರಿ ಅಂತ ಬುದ್ಧಿಯನ್ನೂ ಹೇಳಿದೆ, ಏನು ಮಾಡೋದು. ಅವನು ಪುಸ್ತಕ ತಿರುವಿ ಪಟ್ಟಿಯಲ್ಲಿದ್ದ 'ಕುಡ' ಅನ್ನೋದಕ್ಕೆ ಏನರ್ಥ ಅಂತ ಕೇಳಿದ. ನನಗೂ ಖಾತ್ರಿ ಇರಲಿಲ್ಲ, ಊರಿಗೆ ಅವ್ವನಿಗೆ ಫೋನ್ ಹಚ್ಚಿ ಸ್ಪೀಕರ್ ಮೇಲೆ ಇಟ್ಟೆ.

'ನೇಗಿಲದ ತುದಿಗಿ ಇರ್ತದಲ್ಲೋ ಕಬ್ಬಿಣ, ಅದು' ಅಂದಳು ಅವ್ವ. ಸ್ವಲ್ಪ ಹೊತ್ತು ಬಿಟ್ಟು, 'ಯಾಕ, ಅದನ್ನೂ ಒಯ್ದ್ರೇನು?' ಅಂದಳು.