ಒಂದು ಗಡಿಯಾರ, ಎರಡು ಪ್ರಶ್ನೆ

2017ರ ಜನವರಿ 1, ಭಾರತದಲ್ಲಿ ಬೆಳಗಿನ ಐದೂವರೆ. ಕ್ಲೌಡ್‌ಫ್ಲೇರ್ ಸಂಸ್ಥೆಯ ಡಿಎನ್‌ಎಸ್ ಸರ್ವರ್‌ಗಳಲ್ಲಿ ಕೆಲವು ತಡವರಿಸತೊಡಗಿದವು. ಅಂತರರಾಷ್ಟ್ರೀಯ ಕಾಲಮಾನದ ಆ ನಡುರಾತ್ರಿಗೆ ಭೂಮಿಯ ತಿರುಗುವಿಕೆಗೆ ಹೊಂದಿಸಲೆಂದು ಒಂದು ಲೀಪ್ ಸೆಕೆಂಡ್ ಸೇರಿತ್ತು. ದಿನಕ್ಕೆ 86,400 ಸೆಕೆಂಡು ಮಾತ್ರ ಎಂದು ನಂಬಿರುವ ಯುನಿಕ್ಸ್ ಲೆಕ್ಕದಲ್ಲಿ ಈ ಹೆಚ್ಚುವರಿ ಸೆಕೆಂಡಿಗೆ ಜಾಗವಿಲ್ಲ. ಹಾಗಾಗಿ ಸಿಸ್ಟಂ ಗಡಿಯಾರ ಒಂದು ಸೆಕೆಂಡು ಹಿಂದಕ್ಕೆ ಸರಿಯಿತು. ಪ್ರಶ್ನೆ ಕಳಿಸಿದ ಹೊತ್ತು, ಉತ್ತರ ಬಂದ ಹೊತ್ತು ಎರಡನ್ನೂ ಓದಿ, ಒಂದರಿಂದ ಇನ್ನೊಂದನ್ನು ಕಳೆಯುತ್ತಿದ್ದ ಪ್ರೋಗ್ರಾಂಗೆ ಸೊನ್ನೆಗಿಂತ ಕಡಿಮೆ ಅವಧಿ ಸಿಕ್ಕಿತು. ಅಂಥ ಸಂಖ್ಯೆಯನ್ನು ಒಪ್ಪದ ಫಂಕ್ಷನ್ನೊಂದಕ್ಕೆ ಅದು ಹೋಗಿ ಮುಟ್ಟಿದ್ದೇ ಪ್ರೋಗ್ರಾಂ ಕುಸಿಯಿತು.

ದುರಸ್ತಿ ಬಹಳ ಚಿಕ್ಕದು. ‘ಸೊನ್ನೆಗೆ ಸಮವೇ’ ಎಂದು ಕೇಳುತ್ತಿದ್ದ ಕಡೆ ‘ಸೊನ್ನೆಯೋ, ಅದಕ್ಕಿಂತ ಕಡಿಮೆಯೋ’ ಎಂದು ಕೇಳುವಂತೆ ಒಂದೇ ಚಿಹ್ನೆ ಬದಲಾಯಿತು. ಆದರೆ ಆ ಸಾಲು ಬರೆದವರನ್ನು ದೂಷಿಸಲು ನನಗೆ ಮನಸ್ಸಿಲ್ಲ. ಅವರು ಬಳಸಿದ ಗೋ ಭಾಷೆಯ ಪ್ರಮಾಣಿತ ಲೈಬ್ರರಿಯಲ್ಲಿ ಹೊತ್ತು ಕೇಳಲು ಆಗ ಇದ್ದದ್ದು ಒಂದೇ ದಾರಿ. ತಪ್ಪು ಆ ದಾರಿಯದು.

ಗಡಿಯಾರವನ್ನು ನಾವು ಎರಡು ಬೇರೆ ಕಾರಣಕ್ಕೆ ನೋಡುತ್ತೇವೆ. ಈಗ ಗಂಟೆ ಎಷ್ಟು ಎಂಬುದು ಒಂದು, ಶುರುವಾಗಿ ಎಷ್ಟು ಹೊತ್ತಾಯಿತು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಹೊರಜಗತ್ತಿನ ಒಪ್ಪಿಗೆ ಬೇಕು, ತಪ್ಪಿದ್ದರೆ ತಿದ್ದಲೇಬೇಕು. ಎರಡನೆಯದಕ್ಕೆ ಬೇಕಾದದ್ದು ಒಂದೇ: ನಡುವೆ ಯಾರೂ ಮುಳ್ಳನ್ನು ಮುಟ್ಟಬಾರದು. ಈ ಎರಡನ್ನೂ ಒಂದೇ ಗಡಿಯಾರಕ್ಕೆ ಕಟ್ಟಿದ್ದು, ಹಳೆಯ ಯುನಿಕ್ಸಿನಿಂದ ಬಂದ ಪದ್ಧತಿಯ ಮೂಲದೋಷ ಎಂಬುದು ನನ್ನ ಖಚಿತ ಅಭಿಪ್ರಾಯ.

ಆ ಪದ್ಧತಿಯ ಹಿರಿಮೆಯನ್ನು ಮರೆತು ಈ ಮಾತು ಹೇಳುತ್ತಿಲ್ಲ. 1971ರ ಮೊದಲ ಯುನಿಕ್ಸ್ ಕೈಪಿಡಿಯಲ್ಲಿ ಕಾಲವನ್ನು ಸೆಕೆಂಡಿನ ಅರವತ್ತನೇ ಒಂದು ಭಾಗದಲ್ಲಿ ಎಣಿಸುತ್ತಿದ್ದರು. 32 ಬಿಟ್‌ಗಳಲ್ಲಿ ಅದು ಸುಮಾರು ಎರಡೂಕಾಲು ವರ್ಷಕ್ಕೆ ತುಂಬಿಹೋಗುತ್ತಿತ್ತು. ಮುಂದೆ ಇಡೀ ಸೆಕೆಂಡುಗಳ ಎಣಿಕೆ ಬಂತು, 1970ರ ಜನವರಿ 1 ಆರಂಭಬಿಂದುವಾಯಿತು. ತಿಂಗಳು, ವಾರ, ಊರಿನ ಕಾಲಮಾನ ಯಾವುದರ ಗೊಡವೆಯೂ ಇಲ್ಲದ ಒಂದು ಸಂಖ್ಯೆ! ಕಂಪ್ಯೂಟರ್ ಜಗತ್ತಿನಲ್ಲಿ ಇಷ್ಟು ಸರಳವಾಗಿ, ಇಷ್ಟು ದೀರ್ಘಕಾಲ ದುಡಿದ ವಿನ್ಯಾಸಗಳು ಕೆಲವೇ. 2038ರ ಜನವರಿ 19ರಂದು 32 ಬಿಟ್‌ನ ಎಣಿಕೆ ಮತ್ತೆ ತುಂಬಲಿದೆಯಾದರೂ ಅದಕ್ಕೆ 64 ಬಿಟ್‌ನ ಮದ್ದು ಸಿದ್ಧವಿದೆ. ಹಳೆಯ ಉಪಕರಣಗಳಿಗೆ ಅದನ್ನು ತಲುಪಿಸುವುದಷ್ಟೇ ಉಳಿದ ಕೆಲಸ.

ಗಡಿಯಾರ ತಿದ್ದುವ ಕಡೆಯಿಂದ ನೋಡಿದರೆ ಚಿತ್ರ ಇನ್ನೂ ಸ್ಪಷ್ಟವಾಗುತ್ತದೆ. ತಿದ್ದುವ ಅಧಿಕಾರ ರೂಟ್ ಬಳಕೆದಾರನಿಗೆ ಮಾತ್ರ ಎಂದು ಯುನಿಕ್ಸ್ ಇಟ್ಟ ನಿಯಮ ಸರಿಯಾದದ್ದೇ. ಆದರೆ ಅವನು ಹೊಸ ಹೊತ್ತನ್ನು ಒಮ್ಮೆಗೇ ಬರೆದುಬಿಟ್ಟರೆ ಆ ಗಡಿಯಾರವನ್ನು ನಂಬಿದ ಪ್ರತಿಯೊಂದು ಪ್ರೋಗ್ರಾಂನ ಕಾಲಗಣನೆಯೂ ಅದೇ ಕ್ಷಣ ಹಾರುತ್ತದೆ. ಇದನ್ನು ಚೆನ್ನಾಗಿ ಅರಿತದ್ದು ಜಾಲದ ಮೂಲಕ ಗಡಿಯಾರಗಳನ್ನು ಸರಿಹೊಂದಿಸಲು ಡೇವಿಡ್ ಮಿಲ್ಸ್ ರೂಪಿಸಿದ ಎನ್‌ಟಿಪಿ. ಅದರ ಮೂಲ ಪ್ರೋಗ್ರಾಂ, ವ್ಯತ್ಯಾಸ 128 ಮಿಲಿಸೆಕೆಂಡಿನೊಳಗಿದ್ದರೆ ಗಡಿಯಾರವನ್ನು ಹಾರಿಸುವುದಿಲ್ಲ. ಓಟವನ್ನೇ ತುಸು ಹೆಚ್ಚಿಸಿಯೋ ತಗ್ಗಿಸಿಯೋ ಸರಿದೂಗಿಸುತ್ತದೆ. ಆ ಹೊಂದಾಣಿಕೆಗೂ ಸೆಕೆಂಡಿಗೆ ಅರ್ಧ ಮಿಲಿಸೆಕೆಂಡಿನ ಮಿತಿಯಿದೆ. ಆ ವೇಗದಲ್ಲಿ ಒಂದು ಪೂರ್ತಿ ಸೆಕೆಂಡು ಸರಿಪಡಿಸಲು ಅರ್ಧ ಗಂಟೆಗೂ ಹೆಚ್ಚು ಹೊತ್ತು ಬೇಕು. ಈ ತಾಳ್ಮೆಯೇ ಅದರ ದೊಡ್ಡಗುಣ. ಆದರೂ ವ್ಯತ್ಯಾಸ ಮಿತಿ ಮೀರಿದಾಗ ಎನ್‌ಟಿಪಿ ಕೂಡ ಹಾರಿಸಲೇಬೇಕು. ಆದ್ದರಿಂದ, 2035ರೊಳಗೆ ಲೀಪ್ ಸೆಕೆಂಡಿನ ಈಗಿನ ಕ್ರಮವನ್ನು ಬದಲಿಸಲು 2022ರಲ್ಲಿ ಅಂತರರಾಷ್ಟ್ರೀಯ ತೂಕ-ಅಳತೆ ಸಮ್ಮೇಳನ ತೀರ್ಮಾನಿಸಿರುವುದು ಒಳ್ಳೆಯದಾದರೂ, ರೋಗ ಅಷ್ಟಕ್ಕೇ ವಾಸಿಯಾಗದು.

ನಿಜವಾದ ಪರಿಹಾರ ಎರಡನೇ ಗಡಿಯಾರ. ಯುನಿಕ್ಸ್ ಮಾದರಿಯ ವ್ಯವಸ್ಥೆಗಳ ಮಾನದಂಡವಾದ ಪೋಸಿಕ್ಸ್ ಅದಕ್ಕೆ ಮಾನೋಟಾನಿಕ್ ಎಂದು ಹೆಸರಿಟ್ಟಿದೆ: ಮುಂದಕ್ಕೆ ಮಾತ್ರ ಹೋಗುವ, ಯಾರೂ ತಿದ್ದಲಾಗದ ಎಣಿಕೆ. 2012ರಲ್ಲಿ ಪೈಥಾನ್ 3.3 ಕೂಡ ಇದನ್ನು ಬೇರೆ ಫಂಕ್ಷನ್ನಾಗಿ ಕೊಟ್ಟಿತು. ಆದರೆ ಬೇರೆ ಹೆಸರಿನಲ್ಲಿಟ್ಟರೆ, ಅದು ಬೇಕೆಂದು ಗೊತ್ತಿದ್ದವರು ಮಾತ್ರ ಹುಡುಕಿ ಬಳಸುತ್ತಾರೆ. ಅದಕ್ಕೇ 2017ರ ಆಗಸ್ಟಿನ ಗೋ 1.9 ನನಗೆ ಹೆಚ್ಚು ಮೆಚ್ಚುಗೆ. ಹೊತ್ತು ಕೇಳುವ ಹಳೆಯ ಫಂಕ್ಷನ್ನೇ ಎರಡೂ ಗಡಿಯಾರಗಳ ಓದನ್ನು ಒಟ್ಟಿಗೆ ಹಿಂದಿರುಗಿಸುತ್ತದೆ. ಮುದ್ರಿಸುವಾಗ ಗೋಡೆ ಗಡಿಯಾರದ ಹೊತ್ತು, ಕಳೆಯುವಾಗ ಮಾನೋಟಾನಿಕ್ ಎಣಿಕೆ. ಒಂದು ಸಾಲನ್ನೂ ಬದಲಿಸದೆ ಅದೆಷ್ಟೋ ಪ್ರೋಗ್ರಾಂಗಳು ಸರಿಯಾದವು. ಇದಕ್ಕೆ ತೆತ್ತ ಬೆಲೆಯೂ ಇದೆ: ಒಂದೇ ಹೊತ್ತನ್ನು ಸೂಚಿಸುವ ಎರಡು ಮೌಲ್ಯಗಳನ್ನು ನೇರ ಸಮಚಿಹ್ನೆಯಿಂದ ಹೋಲಿಸಿದರೆ ಬೇರೆ ಬೇರೆ ಎಂಬ ಉತ್ತರ ಬರಬಹುದು. ಲಿನಕ್ಸ್‌ನಲ್ಲಿ ಇನ್ನೊಂದು ಕೊರತೆ, ಲ್ಯಾಪ್‌ಟಾಪ್ ನಿದ್ದೆ ಹೋದಾಗ ಮಾನೋಟಾನಿಕ್ ಎಣಿಕೆಯೂ ನಿಲ್ಲುತ್ತದೆ. ಹತ್ತು ನಿಮಿಷಕ್ಕೆ ಮುಗಿಯಬೇಕಾದ ಗಡುವು, ಮುಚ್ಚಳ ಮುಚ್ಚಿ ಒಂದು ಗಂಟೆ ಬಿಟ್ಟು ತೆರೆದರೂ ಮುಗಿದಿರುವುದಿಲ್ಲ. ನಿದ್ದೆಯನ್ನೂ ಎಣಿಸುವ ಬೂಟ್‌ಟೈಮ್ ಎಂಬ ಮೂರನೇ ಗಡಿಯಾರ ಲಿನಕ್ಸ್‌ನಲ್ಲಿದೆ. ಅದನ್ನು ಹೆಸರು ಹಿಡಿದೇ ಕೇಳಬೇಕು.

ಅವಧಿಗಲ್ಲ, ಗಂಟೆಗೇ ಕಟ್ಟುಬಿದ್ದ ಕೆಲಸಗಳಿಗೆ ಮಾತ್ರ ಗೋಡೆ ಗಡಿಯಾರದ ಜಿಗಿತ ತಪ್ಪದು. ನಮ್ಮಲ್ಲಿ ಒಂದೇ ಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇಟ್ಟುಕೊಂಡವರಿಗೆ ಗಡಿಯಾರ ಐದೂವರೆ ಗಂಟೆ ಜಿಗಿಯುವುದು ಪರಿಚಿತ. ಮದರ್‌ಬೋರ್ಡಿನ ಬ್ಯಾಟರಿ ಗಡಿಯಾರದಲ್ಲಿ ವಿಂಡೋಸ್ ಸ್ಥಳೀಯ ಹೊತ್ತನ್ನು ಬರೆಯುತ್ತದೆ. ಲಿನಕ್ಸ್ ಅದನ್ನು ಸಾಮಾನ್ಯವಾಗಿ ಅಂತರರಾಷ್ಟ್ರೀಯ ಕಾಲವೆಂದೇ ಓದುತ್ತದೆ. ಇಂಥ ಜಿಗಿತವನ್ನು ವಿವೇಕದಿಂದ ಎದುರಿಸುವ ಪ್ರೋಗ್ರಾಂ ಎಂದರೆ, ನಿಗದಿತ ಹೊತ್ತಿಗೆ ಕೆಲಸಗಳನ್ನು ನಡೆಸುವ, ಡೆಬಿಯನ್ ಲಿನಕ್ಸ್‌ನ ಕ್ರಾನ್. ಜಿಗಿತ ಮೂರು ಗಂಟೆಯೊಳಗಿದ್ದರೆ, ನಿಗದಿತ ಗಂಟೆಗೆ ನಡೆಯಬೇಕಾಗಿ ತಪ್ಪಿಹೋದ ಕೆಲಸಗಳನ್ನು ಅದು ಕೂಡಲೇ ಮಾಡುತ್ತದೆ, ಆಗಲೇ ಮಾಡಿದ್ದನ್ನು ಮತ್ತೆ ಮಾಡುವುದಿಲ್ಲ. ಅದಕ್ಕೂ ದೊಡ್ಡದಾದರೆ ಯಾರೋ ಗಡಿಯಾರ ತಿದ್ದಿದ್ದಾರೆಂದು ಗ್ರಹಿಸಿ ಹೊಸ ಹೊತ್ತನ್ನು ತಕ್ಷಣ ಒಪ್ಪಿಕೊಳ್ಳುತ್ತದೆ.