92 ಅಂಕದೊಳಗಿನ ನವೆ

ಡಯಾಲಿಸಿಸ್ ಫೈಲಿನಲ್ಲಿ ಏನೇನು ಬರೆದಿರುತ್ತದೆ ನೋಡಿ: ಬಂದಾಗಿನ ತೂಕ, ಹೊರಡುವಾಗಿನ ತೂಕ, ಬಿಪಿ, ತೆಗೆದ ನೀರಿನ ಲೆಕ್ಕ, ಆಗಾಗ ಹಿಮೋಗ್ಲೋಬಿನ್, ಪೊಟ್ಯಾಶಿಯಂ, ರಂಜಕ. ರಾತ್ರಿ ಬೆನ್ನು ಕೆರೆದೂ ಕೆರೆದೂ ಹಾಸಿಗೆಗೆ ರಕ್ತ ಹತ್ತಿದ್ದನ್ನು ಬರೆಯಲು ಕಾಲಂ ಸಿಗುವುದು ಅಪರೂಪ.

ಆ ಕಾಲಂ ಇರುವ ನಮೂನೆಯೊಂದು ಕನ್ನಡದಲ್ಲೇ ಇದೆ. ಕಿಡ್ನಿ ರೋಗಿಗಳ ಬದುಕಿನ ಗುಣಮಟ್ಟ ಅಳೆಯುವ ಕೆಡಿಕ್ಯುಒಎಲ್-36 ಎಂಬ ಅಮೆರಿಕದ ಪ್ರಶ್ನಾವಳಿಯನ್ನು ಮಣಿಪಾಲದ ಸಂಶೋಧಕರು ಕನ್ನಡಕ್ಕೆ ಒಗ್ಗಿಸಿ, ರೋಗಿಗಳ ನಡುವೆ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದರು. ಸುಲಭದ ಕೆಲಸವಲ್ಲ, ಮೂಲದಲ್ಲಿ ದೈಹಿಕ ಶಕ್ತಿಯನ್ನು ಅಳೆಯಲು ಕೊಟ್ಟ ಉದಾಹರಣೆಗಳಲ್ಲಿ ಗಾಲ್ಫ್ ಕೂಡ ಇದೆ! ಅದರ 36 ಪ್ರಶ್ನೆಗಳಲ್ಲಿ 12 ನೇರವಾಗಿ ದೇಹದ ಗೋಳನ್ನು ಕೇಳುತ್ತವೆ: ಮೈಕೈ ನೋವು, ಎದೆನೋವು, ಸ್ನಾಯು ಹಿಡಿತ, ನವೆ, ಒಣಚರ್ಮ, ಏದುಸಿರು, ತಲೆಸುತ್ತು, ಹಸಿವಿಲ್ಲದಿರುವುದು, ನಿತ್ರಾಣ, ಜೋಮು, ವಾಕರಿಕೆ, ಡಯಾಲಿಸಿಸ್‌ಗಾಗಿ ಮಾಡಿದ ಫಿಸ್ಟುಲಾ ಅಥವಾ ಕ್ಯಾತಿಟರ್ ಜಾಗದ ತೊಂದರೆ. ಕಳೆದ ನಾಲ್ಕು ವಾರದಲ್ಲಿ ಇವು ಎಷ್ಟು ಕಾಡಿದವು ಎಂಬುದಕ್ಕೆ ಐದು ಉತ್ತರಗಳಲ್ಲಿ ಒಂದನ್ನು ಗುರುತಿಸಬೇಕು.

ಇಷ್ಟನ್ನು ಕೇಳುವುದೇ ದೊಡ್ಡದು. ನನ್ನ ತಕರಾರು ಉತ್ತರ ಬಂದ ಮೇಲಿನದು. ಹನ್ನೆರಡನ್ನೂ ಕೂಡಿ, ಸರಾಸರಿ ತೆಗೆದು, ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತಾರೆ; ನೂರು ಬಂದರೆ ಯಾವ ಕಾಟವೂ ಇಲ್ಲವೆಂದು ಅರ್ಥ. ಈಗ ಹನ್ನೊಂದು ಪ್ರಶ್ನೆಗೆ ‘ಇಲ್ಲವೇ ಇಲ್ಲ’ ಎಂದು, ನವೆಯೊಂದಕ್ಕೆ ‘ಅತಿ ಹೆಚ್ಚು’ ಎಂದು ಗುರುತು ಹಾಕಿದವರ ಲೆಕ್ಕ ಮಾಡಿ. ಸುಮಾರು 92! ಡಿಸ್ಟಿಂಕ್ಷನ್ನಿನಲ್ಲಿ ಪಾಸಾದ ಆ ಮನುಷ್ಯ ವಾರಗಟ್ಟಲೆ ಸರಿಯಾಗಿ ನಿದ್ದೆ ಮಾಡಿರುವುದಿಲ್ಲ. ಸಂಶೋಧನೆಗೆ ಸರಾಸರಿ ಬೇಕು, ಒಪ್ಪುತ್ತೇನೆ. ಆದರೆ ಚಿಕಿತ್ಸೆ ಮಾಡುವವರಿಗೆ ಬೇಕಾದದ್ದು ಆ ಒಂದು ಸಾಲು.

ಬೆಂಗಳೂರಿನ ವಿಲ್ಸನ್ ಗಾರ್ಡನ್ನಿನಲ್ಲಿ ನಮಗೆ ಪರಿಚಯದ ಒಬ್ಬ ಹಿರಿಯರಿಗೆ ಈ ಹನ್ನೆರಡನ್ನು ಓದಿ ಹೇಳಿದೆ. ನವೆಯ ಪ್ರಶ್ನೆ ಬಂದಾಗ ಅವರು, “ಕಿಡ್ನಿ ಹೋದ್ಮೇಲೆ ಅದೆಲ್ಲ ಇರೋದೇ ಅಲ್ವೇನಪ್ಪ, ಪರವಾಗಿಲ್ಲ ಅಂತ ಬರ್ಕೋ” ಎಂದರು. ಅಡುಗೆಮನೆಯಿಂದ ಸೊಸೆ, “ಅಣ್ಣಾ, ರಾತ್ರಿಯೆಲ್ಲ ಬಾಚಣಿಗೇಲಿ ಬೆನ್ನು ಕೆರ್ಕೋತಾ ಕೂತಿರ್ತಾರೆ. ಕಾಲೂ ಸುಮ್ನಿರಲ್ಲ, ಒದೀತಾನೇ ಇರ್ತಾರೆ” ಎಂದಳು. ಯಾವ ಉತ್ತರಕ್ಕೆ ಗುರುತು ಹಾಕಲಿ? ಸಹಿಸುವುದನ್ನೇ ರೂಢಿ ಮಾಡಿಕೊಂಡವರ ಬಾಯಲ್ಲಿ ‘ಪರವಾಗಿಲ್ಲ’ ಸಲೀಸಾಗಿ ಬರುತ್ತದೆ. ಇನ್ನು ಸೊಸೆ ಹೇಳಿದ ಕಾಲಿನ ಚಡಪಡಿಕೆಗೆ ಹನ್ನೆರಡರಲ್ಲಿ ಜಾಗವೇ ಇಲ್ಲ. ನಿದ್ದೆಗೂ ಇಲ್ಲ. ಇದೇ ಪ್ರಶ್ನಾವಳಿಯ ಹಿಂದಿನ ದೊಡ್ಡ ರೂಪದಲ್ಲಿ ನಿದ್ದೆಯ ಪ್ರಶ್ನೆಗಳಿದ್ದವು; ಚಿಕ್ಕದು ಮಾಡುವಾಗ ಬಿಟ್ಟುಹೋಗಿವೆ. ಇದು ನನ್ನ ಮಟ್ಟಿಗೆ ಈ ನಮೂನೆಯ ದೊಡ್ಡ ಕೊರತೆ.

ಲೈಂಗಿಕ ಜೀವನದ ಪ್ರಶ್ನೆಯೂ ಒಂದಿದೆ, ಬೇರೆ ಭಾಗದಲ್ಲಿ. ಸಾಲು ಮಂಚಗಳ ವಾರ್ಡಿನಲ್ಲಿ, ಮಗ ಪಕ್ಕದ ಸ್ಟೂಲಿನ ಮೇಲೆ ಕೂತಿರುವಾಗ, ಯಾವ ತಾಯಿ ಅದಕ್ಕೆ ಬಾಯಿಬಿಟ್ಟಾಳು?

ಕೇಳಿ ಮಾಡುವುದೇನು ಎನ್ನುವವರೂ ಇದ್ದಾರೆ. ಮಾಡಲು ಬೇಕಾದಷ್ಟಿದೆ. ಈ ನವೆ ಬರಿಯ ಅಲರ್ಜಿಯಲ್ಲ, ಅಲರ್ಜಿ ಮಾತ್ರೆ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. ಡಯಾಲಿಸಿಸ್ ಸಾಲದೆ ಹೋಗಿದೆಯೇ, ರಂಜಕ ಏರಿದೆಯೇ ಎಂದು ನೋಡಬೇಕು, ಚರ್ಮ ಒಣಗದಂತೆ ಕಾಯಬೇಕು. ಅದಕ್ಕೂ ಜಗ್ಗದಿದ್ದರೆ ಡಯಾಲಿಸಿಸ್ ಆದ ಮೇಲೆ ಗ್ಯಾಬಪೆಂಟಿನ್ ಅತಿ ಕಡಿಮೆ ಪ್ರಮಾಣದಲ್ಲಿ ಕೊಡುವುದುಂಟು. ಆ ಔಷಧಿ ಹೊರಹೋಗಬೇಕಾದದ್ದೂ ಮೂತ್ರಪಿಂಡದಿಂದಲೇ; ಹೆಚ್ಚಾದರೆ ರೋಗಿ ಮಂಪರಿಗೆ ಬೀಳುತ್ತಾರೆ, ಹಾಗಾಗಿ ವೈದ್ಯರೇ ತೂಗಿನೋಡಿ ಕೊಡಬೇಕು. ಕಾಲಿನ ಚಡಪಡಿಕೆ ಇದ್ದರೆ ಕಬ್ಬಿಣಾಂಶ ನೋಡುತ್ತಾರೆ. ಮೀನಖಂಡ ಹಿಡಿಯುತ್ತಿದ್ದರೆ ನೀರನ್ನು ತೀರಾ ಬೇಗ ತೆಗೆಯುತ್ತಿರಬಹುದು.

ವಿಲ್ಸನ್ ಗಾರ್ಡನ್ನಿಗೆ ಹತ್ತಿರದಲ್ಲೇ, ಹೊಸೂರು ರಸ್ತೆಯಲ್ಲಿ, ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಿದೆ. ಕ್ಯಾನ್ಸರ್ ಆರೈಕೆಯಲ್ಲಿ ನೋವು ಎಷ್ಟೆಂದು ಕೇಳುವುದು ಚಿಕಿತ್ಸೆಯ ಭಾಗವೇ ಆಗಿದೆ. ಕಿಡ್ನಿಯವರಿಗೂ ಅಷ್ಟು ಸಲ್ಲಬೇಕು. ಅಮೆರಿಕದ ಡಯಾಲಿಸಿಸ್ ಕೇಂದ್ರಗಳು ವರ್ಷಕ್ಕೊಮ್ಮೆ ಇಂಥ ಪ್ರಶ್ನಾವಳಿ ಕೇಳುತ್ತವೆ. ವರ್ಷಕ್ಕೊಮ್ಮೆ ಸಾಲದು. ಸೂಜಿ ಚುಚ್ಚಿದ ಮೇಲೆ ರೋಗಿ ಸುಮಾರು ನಾಲ್ಕು ಗಂಟೆ ಅಲ್ಲೇ ಇರುತ್ತಾರೆ. ತಿಂಗಳಿಗೊಮ್ಮೆ ಟೆಕ್ನಿಷಿಯನ್ ಪಕ್ಕದಲ್ಲಿ ಕೂತು ಹನ್ನೆರಡು ಸಾಲು ಓದಲಿ, ನಿದ್ದೆಯದೊಂದನ್ನು ಕೈಬರಹದಲ್ಲಿ ಸೇರಿಸಿಕೊಳ್ಳಲಿ, ಮನೆಯವರನ್ನೂ ಒಂದು ಮಾತು ಕೇಳಲಿ. ಬಂದ ಉತ್ತರಗಳನ್ನು ಕೂಡುವ ಗೋಜಿಗೆ ಹೋಗದೆ ರೌಂಡ್ಸಿಗೆ ಬರುವ ಡಾಕ್ಟರ ಕೈಗೆ ಹಾಗೇ ಕೊಟ್ಟರಾಯಿತು.